ಫುಲ್ ಚಾರ್ಜ್ ಆದರೂ ಅರ್ಧ ಗಂಟೆಗೇ ಬೀಪ್, ಹಳೆ 9.6 ವೋಲ್ಟ್ ಟ್ರಾನ್ಸ್‌ಮಿಟರ್‌ಗೆ ಯಾವ ಬ್ಯಾಟರಿ?

ಶರಾವತಿ ಗ್ಲೈಡರ್:

ಎಲ್ಲರಿಗೂ ನಮಸ್ಕಾರ. ಮಾಡೆಲ್ ವಿಮಾನ ಹಾರಿಸುವ ಎರಡು ರೇಡಿಯೋ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್), ಎರಡು ತಲೆನೋವು.

ಮೊದಲನೆಯದು ಫ್ಲೈಸ್ಕೈ ಎಫ್‌ಎಸ್-ಐ6. ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಮಾಮೂಲಿ ಸೆಟ್. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದ್ದೇನೆ, ಮೇಲೆ 2000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತಿದೆ. ರಾತ್ರಿ ಚಾರ್ಜಿಗಿಟ್ಟು ಹಸಿರು ಲೈಟ್ ಬಂದ ಮೇಲೆ ತೆಗೆದರೂ ಫೀಲ್ಡಿನಲ್ಲಿ ಅರ್ಧ ಗಂಟೆಗೆಲ್ಲ ಬೀಪ್ ಶುರು. ಹೊಸ ಆಲ್ಕಲೈನ್ ಹಾಕಿದರೆ ಈ ತೊಂದರೆ ಇಲ್ಲ. ಚಾರ್ಜರ್ ಎರಡು ಸೆಲ್‌ಗೆ ಒಂದೇ ಲೈಟ್ ಇರುವ ಅಗ್ಗದ್ದು.

ಎರಡನೆಯದು ಸ್ಪೆಕ್ಟ್ರಂ ಡಿಎಕ್ಸ್7, ಮೊದಲ ತಲೆಮಾರಿನದು, ಅಮೆರಿಕದಲ್ಲಿರುವ ನೆಂಟರು ಕೊಟ್ಟದ್ದು. ಒಳಗೆ 8 ಸೆಲ್‌ನ 9.6 ವೋಲ್ಟ್ ಪ್ಯಾಕ್, ಮೀಟರ್ ಹಿಡಿದರೆ 3 ವೋಲ್ಟ್ ಚಿಲ್ಲರೆ. ಜೊತೆಗೆ ಬಂದ ಗೋಡೆ ಚಾರ್ಜರ್ ಮೇಲೆ 120 ವೋಲ್ಟ್ ಅಂತಿರುವುದರಿಂದ ಪ್ಲಗ್‌ಗೆ ಹಾಕಿಲ್ಲ. ನನ್ನ ಹತ್ತಿರ ಹಲವು ಬಗೆಯ ಬ್ಯಾಟರಿಗೆ ಆಗುವ ಐಮ್ಯಾಕ್ಸ್ ಬಿ6 ಚಾರ್ಜರ್ ಇದೆ. ರೇಡಿಯೋ ಪಕ್ಕದ ಜ್ಯಾಕಿಗೆ ಬಿ6 ಸಿಕ್ಕಿಸಿ ಚಾರ್ಜ್ ಮಾಡಬಹುದೇ? ಅಥವಾ ಹಳೆ ಪ್ಯಾಕ್ ಬಿಸಾಕಿ ಮನೆಯಲ್ಲೇ ಇರುವ 3 ಸೆಲ್ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕಿಬಿಡಲೇ?

ಎಂಟು ಚಾನೆಲ್:

ಐ6 ವಿಚಾರ ನಾನು ಹೇಳ್ತೀನಿ. ಸೆಲ್ ಹೋಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ ಸರ್. ತಪ್ಪು ಚಾರ್ಜರ್‌ನದಿರಬಹುದು, ನಾಲ್ಕರಲ್ಲಿ ಒಂದೇ ಸೆಲ್‌ನದಿರಬಹುದು, ಸ್ಪ್ರಿಂಗ್‌ನದೂ ಇರಬಹುದು. ಮಲ್ಟಿಮೀಟರ್ ಇದ್ದರೆ ಕೂತಲ್ಲೇ ಗೊತ್ತಾಗುತ್ತೆ.

ಐ6ರ ಲೋ ಬ್ಯಾಟರಿ ಅಲಾರಂ ಇರೋದು 4.2 ವೋಲ್ಟ್‌ಗೆ. ಅಂದ್ರೆ ಸೆಲ್ ಒಂದಕ್ಕೆ 1.05. ಆಲ್ಕಲೈನ್ ಸೆಲ್ 1.5ರಲ್ಲಿ ಹೊರಟು ನಿಧಾನಕ್ಕೆ ಇಳೀತಾ ಬರುತ್ತೆ. ನಿಕಲ್ ಸೆಲ್ ಹಾಗಲ್ಲ. ಚಾರ್ಜರ್‌ನಿಂದ ತೆಗೆದಾಗ 1.4ರ ಮೇಲಿರುತ್ತೆ, ಸ್ವಲ್ಪ ಹೊತ್ತಿಗೆ 1.25ರ ಆಸುಪಾಸಿಗೆ ಬಂದು ಅಲ್ಲೇ ಬಹಳ ಹೊತ್ತು ನಿಂತು, ಕೊನೆಗೆ 1.1 ದಾಟಿದ ಮೇಲೆ ದಬಕ್ಕನೆ ಬೀಳುತ್ತೆ. ಆದ್ದರಿಂದ ಒಳ್ಳೆ ನಿಕಲ್ ಸೆಲ್ಲಿನಲ್ಲಿ ಬೀಪ್ ಬಂತು ಅಂದ್ರೆ ನಿಜಕ್ಕೂ ತಳ ಮುಟ್ಟಿದೆ ಅಂತ. ಆಲ್ಕಲೈನ್‌ನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತೆ, ಇದರಲ್ಲಿ ಉಳಿದಿರಲ್ಲ. "ಇನ್ನೊಂದು ರೌಂಡ್ ಹೊಡೆದು ಇಳಿಸ್ತೀನಿ" ಅನ್ನೋ ಆಟ ಬೇಡ.

ಈಗ ಪರೀಕ್ಷೆ. ಮಾಡೆಲ್‌ನ ಬ್ಯಾಟರಿ ಮೊದಲು ಬಿಚ್ಚಿಡಿ, ಮೋಟರ್ ತಿರುಗೋ ಅವಕಾಶವೇ ಇರಬಾರದು. ಟ್ರಾನ್ಸ್‌ಮಿಟರ್ ಮಾತ್ರ ಆನ್ ಮಾಡಿ ಬೀಪ್ ಬರೋವರೆಗೂ ಬಿಡಿ. ಬೀಪ್ ಬಂದ ಮೇಲೆ ಆಫ್ ಮಾಡದೆ ಹಿಂದಿನ ಮುಚ್ಚಳ ತೆಗೆದು, ಮೀಟರನ್ನ 20 ವೋಲ್ಟ್ ಡಿಸಿಗಿಟ್ಟು ಒಂದೊಂದೇ ಸೆಲ್ ಅಳೀರಿ. ಮೀಟರ್ ವೈರಿನ ತುದಿಯ ಮುಳ್ಳು ಸೆಲ್ಲಿನ ಲೋಹಕ್ಕೇ ತಾಗಬೇಕು, ಸ್ಪ್ರಿಂಗ್‌ಗಲ್ಲ. ನಾಲ್ಕೂ ಅಂಕಿ ಬರ್ಕೊಳ್ಳಿ, ಕೂಡಿ. ಆಮೇಲೆ ಒಳಗೆ ವೈರ್ ಹೋಗೋ ಎರಡು ತುದಿ ತಗಡುಗಳ ನಡುವೆ ಎಷ್ಟಿದೆ ನೋಡಿ. ನಾಲ್ಕು ಸೆಲ್‌ನ ಮೊತ್ತಕ್ಕೂ ಇದಕ್ಕೂ 0.1 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಅಷ್ಟೂ ಸಂಪರ್ಕದಲ್ಲೇ ಸೋರಿಹೋಗ್ತಿದೆ ಅಂತ ಅರ್ಥ.

ಸೆಟ್ ಆಫ್ ಮಾಡಿ ಸೆಲ್ ಹೊರಗೆ ತೆಗೆದು ಅಳೆದರೆ ಪ್ರಯೋಜನ ಇಲ್ಲ. ಲೋಡ್ ಇಲ್ಲದಾಗ ಮುದಿ ಸೆಲ್ ಕೂಡ 1.25 ತೋರಿಸಿ ಸಾಚಾ ಅನ್ನಿಸಿಕೊಳ್ಳುತ್ತೆ.

ನಿಮ್ಮ ಚಾರ್ಜರ್ ಬಗ್ಗೆ ನನಗೆ ಅನುಮಾನ ಜಾಸ್ತಿ. ಎರಡು ಸೆಲ್‌ಗೆ ಒಂದು ಲೈಟ್ ಅಂದ್ರೆ ಎರಡನ್ನೂ ಸೀರೀಸ್‌ನಲ್ಲಿ ಕೂರಿಸಿ ಒಟ್ಟಿಗೇ ಚಾರ್ಜ್ ಮಾಡುತ್ತೆ. ಒಂದು ಅರ್ಧ ತುಂಬಿರೋದು, ಇನ್ನೊಂದು ಖಾಲಿ ಆಗಿದ್ರೆ, ಮೊದಲನೆಯದು ತುಂಬಿ ಕಾಯ್ತಾ ಇರುತ್ತೆ, ಎರಡನೆಯದಕ್ಕೆ ಇನ್ನೂ ಹೊಟ್ಟೆ ತುಂಬಿರಲ್ಲ. ಪ್ರತಿ ಸಲ ಇದೇ ನಡೆದ್ರೆ ಅಂತರ ಹೆಚ್ಚುತ್ತಾ ಹೋಗುತ್ತೆ. ಇಂಥ ಅಗ್ಗದ ಚಾರ್ಜರ್‌ಗಳಲ್ಲಿ ಹಲವಕ್ಕೆ ಸೆಲ್ ತುಂಬಿದೆಯೋ ಇಲ್ಲವೋ ಗೊತ್ತೇ ಆಗಲ್ಲ, ಬರೀ ಟೈಮರ್ ಮುಗಿದಾಗ ಹಸಿರು ಲೈಟ್ ಹಾಕುತ್ತೆ. ಮಧ್ಯೆ ಕರೆಂಟ್ ಹೋಗಿ ಬಂದ್ರೆ ಟೈಮರ್ ಮತ್ತೆ ಸೊನ್ನೆಯಿಂದ ಶುರು, ತುಂಬಿದ ಸೆಲ್‌ಗೆ ಮತ್ತೊಂದು ರಾತ್ರಿಯ ಊಟ.

ನಾಲ್ಕು ಸೆಲ್‌ಗೆ ನಾಲ್ಕು ಲೈಟ್ ಇರೋ, ಒಂದೊಂದನ್ನೂ ಬೇರೆಬೇರೆ ನೋಡಿಕೊಳ್ಳೋ ಚಾರ್ಜರ್ ತಗೊಳ್ಳಿ. ಈ ಹವ್ಯಾಸಕ್ಕೆ ಹಾಕೋ ದುಡ್ಡಿನಲ್ಲಿ ಅತಿ ಹೆಚ್ಚು ಲಾಭ ಕೊಡೋದು ಅದೇ ಅಂತ ನನ್ನ ಅಭಿಪ್ರಾಯ. ಸೆಲ್ ತಗೊಳ್ಳೋದಾದ್ರೆ ಎನೆಲೂಪ್ ಥರದ, ಇಟ್ಟಲ್ಲೇ ಚಾರ್ಜ್ ಸೋರೋದು ಕಡಿಮೆ ಇರೋ ನಿಕಲ್ ಸೆಲ್. 2005ರಲ್ಲಿ ಸ್ಯಾನ್ಯೋ ತಂದದ್ದು, ಈಗ ಪ್ಯಾನಸಾನಿಕ್ ಹೆಸರಲ್ಲಿ ಬರುತ್ತೆ. ಸಾಮಾನ್ಯ ನಿಕಲ್ ಸೆಲ್ ಸುಮ್ಮನೆ ಇಟ್ರೂ ತಿಂಗಳಿಗೆ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಸೋರಿಹೋಗುತ್ತೆ, ಸೆಕೆಗಾಲದಲ್ಲಿ ಇನ್ನೂ ಬೇಗ. ಎನೆಲೂಪ್ ಒಂದು ವರ್ಷ ಇಟ್ರೂ ಮುಕ್ಕಾಲು ಭಾಗಕ್ಕಿಂತ ಹೆಚ್ಚೇ ಉಳಿಸ್ಕೊಳ್ಳುತ್ತೆ. 2500ರ ಪ್ರೊ ಬೇಡ, ಬಿಳಿ ಬಣ್ಣದ 2000ದ್ದೇ ಸಾಕು. ಪ್ರೊ ಸೆಲ್‌ಗೆ ಕಂಪನಿಯೇ ಹೇಳೋ ಚಾರ್ಜ್ ಸುತ್ತುಗಳ ಸಂಖ್ಯೆ ಬಿಳಿಯದಕ್ಕಿಂತ ತುಂಬಾ ಕಡಿಮೆ, ಟ್ರಾನ್ಸ್‌ಮಿಟರ್‌ಗೆ ಆ ಹೆಚ್ಚುವರಿ 500ರ ಅಗತ್ಯವೂ ಇಲ್ಲ.

ಕೊನೇ ಮಾತು: ಪೆನ್ಸಿಲ್ ಸೆಲ್ ಅಳತೆಯಲ್ಲೇ 14500 ಅಂತ ಲಿಥಿಯಂ ಸೆಲ್ ಸಿಗುತ್ತೆ, ಒಂದೊಂದೂ ತುಂಬಿದಾಗ 4.2 ವೋಲ್ಟ್. ನಾಲ್ಕು ಹಾಕಿದ್ರೆ 16.8. ಐ6 ಇರೋದು 6 ವೋಲ್ಟ್‌ಗೆ. ಸ್ವಿಚ್ ಒತ್ತಿದ ಕ್ಷಣವೇ ಕಥೆ ಮುಗೀತು.

ಬೆಸುಗೆ ಬಿಸಿ:

ಡಿಎಕ್ಸ್7 ಕಡೆ ಬರೋಣ. 120 ವೋಲ್ಟ್ ಚಾರ್ಜರನ್ನು ಪ್ಲಗ್‌ಗೆ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಅದರೊಳಗಿರುವುದು ಬರಿಯ ಟ್ರಾನ್ಸ್‌ಫಾರ್ಮರ್, ನಮ್ಮ 230ಕ್ಕೆ ಹಾಕಿದರೆ ಸುಟ್ಟ ವಾಸನೆ ಬರುತ್ತದೆ ಅಷ್ಟೆ. ಮೊಬೈಲ್ ಚಾರ್ಜರ್‌ನಂತೆ 100ರಿಂದ 240ರವರೆಗೆ ಅಂತ ಬರೆದಿದ್ದರೆ ಮಾತ್ರ ಇಲ್ಲಿ ನಡೆಯುತ್ತದೆ.

ಜ್ಯಾಕ್ ಮೂಲಕ ಬಿ6 ಬೇಡ. ಅದಕ್ಕೆ ಕಾರಣ ಒಂದಲ್ಲ. ಜೆಆರ್ ಕಂಪನಿಯ ರೇಡಿಯೋಗಳಲ್ಲಿ ಮತ್ತು ಅದೇ ವಂಶದ ಈ ಡಿಎಕ್ಸ್7ರಲ್ಲಿ ಜ್ಯಾಕಿನ ನಡುಪಿನ್ ನೆಗೆಟಿವ್. ಫುಟಾಬಾ ಕಂಪನಿಯದರಲ್ಲಿ ನಡುಪಿನ್ ಪಾಸಿಟಿವ್. ಪಿನ್ ಅಳತೆ ಹೊಂದಿಕೊಂಡಿತು ಅಂತ ಫುಟಾಬಾ ಲೀಡನ್ನು ಇದಕ್ಕೆ ಸಿಕ್ಕಿಸಿದರೆ ಪ್ಲಸ್ ಮೈನಸ್ ಅದಲುಬದಲು. ಎರಡನೆಯದಾಗಿ, ಇಂಥ ರೇಡಿಯೋಗಳಲ್ಲಿ ಜ್ಯಾಕಿಗೂ ಬ್ಯಾಟರಿಗೂ ನಡುವೆ ಡಯೋಡ್ ಇರುತ್ತದೆ. ಕರೆಂಟ್ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹಾಗಾಗಿ ಬಿ6ಕ್ಕೆ ಬ್ಯಾಟರಿಯೇ ಕಾಣಿಸದೆ ಎರರ್ ಕೊಡಬಹುದು, ಡಿಸ್ಚಾರ್ಜ್ ಅಂತೂ ಆಗುವುದೇ ಇಲ್ಲ. ಚಾರ್ಜ್ ಶುರುವಾದರೂ ತೋರಿಸುವ ವೋಲ್ಟೇಜ್ ನಿಜಕ್ಕಿಂತ ಅರ್ಧ ಮುಕ್ಕಾಲು ವೋಲ್ಟ್ ಜಾಸ್ತಿ. ಮೂರನೆಯದು ಒಳಗಿನ ಸಣ್ಣ ತಾಮ್ರದ ಗೆರೆ ಮತ್ತು ಫ್ಯೂಸ್. ಗೋಡೆ ಚಾರ್ಜರ್‌ನ ನೂರಿನ್ನೂರು ಮಿಲಿಆಂಪ್‌ಗೆ ಲೆಕ್ಕ ಹಾಕಿದ ದಾರಿಯಲ್ಲಿ ಒಂದು ಆಂಪ್ ನುಗ್ಗಿಸುವುದು ಸರಿಯಲ್ಲ.

ಚಾರ್ಜ್ ನಡೆಯುವಾಗ ರೇಡಿಯೋ ಆನ್ ಮಾಡಲೂ ಬಾರದು. ಪ್ಯಾಕಿನ ಒಂದು ವೈರ್ ಸಡಿಲವಾಗಿ ಬಿಟ್ಟುಹೋದರೆ ಚಾರ್ಜರ್ ತನ್ನ ವೋಲ್ಟೇಜನ್ನು ಏರಿಸುತ್ತಾ ಹೋಗುತ್ತದೆ, ಅದೆಲ್ಲ ನೇರ ರೇಡಿಯೋ ಸರ್ಕೀಟಿಗೆ.

ಹಿಂದಿನ ಮುಚ್ಚಳ ತೆಗೆದು, ಪ್ಯಾಕ್ ಕನೆಕ್ಟರ್ ಬಿಚ್ಚಿ ಹೊರಗೇ ಚಾರ್ಜ್ ಮಾಡಿ. ಲೀಡ್ ಜೋಡಿಸುವಾಗ ಬನಾನಾ ಪ್ಲಗ್‌ಗಳು ಮೊದಲು ಚಾರ್ಜರ್‌ಗೆ, ಆಮೇಲೆ ಪ್ಯಾಕಿಗೆ. ಬಿಚ್ಚುವಾಗ ಇದರ ತದ್ವಿರುದ್ಧ. ಉಲ್ಟಾ ಮಾಡಿದರೆ ತೆರೆದ ಎರಡು ಬನಾನಾ ಪ್ಲಗ್ ಮೇಜಿನ ಮೇಲೆ ಒಂದಕ್ಕೊಂದು ತಾಗಿ ಪ್ಯಾಕ್ ಶಾರ್ಟ್ ಆಗುತ್ತದೆ, ವೈರಿನ ಪ್ಲಾಸ್ಟಿಕ್ ಕರಗುವುದಕ್ಕೆ ಎರಡು ಸೆಕೆಂಡ್ ಸಾಕು.

ನಿಮ್ಮ ಹಳೆ ಪ್ಯಾಕ್ 8 ಸೆಲ್‌ಗೆ 3 ವೋಲ್ಟ್ ತೋರಿಸುತ್ತಿದೆ ಅಂದರೆ ಹೆಚ್ಚಿನ ಸೆಲ್ ಪೂರ್ತಿ ಬರಿದಾಗಿವೆ, ಒಂದೆರಡು ಶಾರ್ಟ್ ಇಲ್ಲವೇ ಉಲ್ಟಾ ಚಾರ್ಜ್ ಆಗಿರಲೂಬಹುದು. ಹೇಗೋ ಎಬ್ಬಿಸಿ ಕೂರಿಸಬಹುದು, ಆದರೆ ಆಕಾಶದಲ್ಲಿ ಮಾಡೆಲ್ ಇರುವಾಗ ಅದನ್ನು ನಂಬುವುದು ಹೇಗೆ? 72 ಮೆಗಾಹರ್ಟ್ಸ್ ಕಾಲದಲ್ಲಿ ಬ್ಯಾಟರಿ ಇಳಿದರೆ ರೇಂಜ್ ಕಡಿಮೆಯಾಗುತ್ತಾ ಸರ್ವೋ ನಡುಗಿ ಮುನ್ಸೂಚನೆ ಸಿಗುತ್ತಿತ್ತು. 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ವೋಲ್ಟೇಜ್ ಒಂದು ಮಿತಿಗಿಂತ ಕೆಳಗೆ ಕ್ಷಣಕಾಲ ಜಾರಿದರೂ ಒಳಗಿನ ಪ್ರೊಸೆಸರ್ ರೀಸೆಟ್ ಆಗುತ್ತದೆ. ಅದು ಎದ್ದು ಮತ್ತೆ ವಿಮಾನದೊಳಗಿನ ರಿಸೀವರನ್ನು ಹಿಡಿಯುವಷ್ಟರಲ್ಲಿ ವಿಮಾನ ಫೇಲ್‌ಸೇಫ್‌ಗೆ, ಅಂದರೆ ಸಿಗ್ನಲ್ ಕಳೆದಾಗಿನ ಸ್ಥಿತಿಗೆ, ಹೋಗಿರುತ್ತದೆ.

ಇನ್ನು 3 ಸೆಲ್ ಲಿಪೋ. ಹಾಕುವವರಿದ್ದಾರೆ, ನಾನು ಬೇಡ ಅನ್ನುತ್ತೇನೆ. ತುಂಬಿದಾಗ 12.6 ವೋಲ್ಟ್, ಈ ರೇಡಿಯೋ ಕಂಡದ್ದು ಹೆಚ್ಚೆಂದರೆ ಆಗತಾನೇ ಚಾರ್ಜ್ ಆದ 8 ನಿಕಲ್ ಸೆಲ್‌ನ ಹನ್ನೊಂದೂವರೆ. ಹೆಚ್ಚಿನದೆಲ್ಲ ರೆಗ್ಯುಲೇಟರ್‌ನಲ್ಲಿ ಬಿಸಿಯಾಗಿ ಹೋಗಬೇಕು. ಅದಕ್ಕಿಂತ ದೊಡ್ಡ ತೊಡಕು ಅಲಾರಂ. ಡಿಎಕ್ಸ್7 ಕೂಗುವುದು 9 ವೋಲ್ಟ್‌ಗೆ. ನಿಕಲ್ ಸೆಲ್‌ಗೆ ಅದು ಒಂದಕ್ಕೆ 1.125, ಸರಿಯಾದ ಜಾಗ. ಲಿಪೋಗೆ ಅದೇ 9 ಅಂದರೆ ಸೆಲ್ ಒಂದಕ್ಕೆ 3.0, ಅಷ್ಟು ಹೊತ್ತಿಗೆ ಲಿಪೋ ಸತ್ತು ಸುಣ್ಣ. ರೇಡಿಯೋ ಆಫ್ ಮಾಡುವುದು ಮರೆತರೆ ಪ್ಯಾಕ್ ಉಬ್ಬಿ ಕೇಸಿನಿಂದ ಹೊರಗೇ ಬರುವುದಿಲ್ಲ.

ಲಿಥಿಯಂ ಬೇಕೇ ಬೇಕು ಅನ್ನುವುದಾದರೆ 3 ಸೆಲ್ ಲಿಥಿಯಂ ಐರನ್ ಫಾಸ್ಫೇಟ್. ತುಂಬಿದಾಗ 10.8, ಸಾಮಾನ್ಯವಾಗಿ 9.9. ವೋಲ್ಟೇಜ್ ಹೊಂದುತ್ತದೆ. ಆದರೆ ಅದರ ವೋಲ್ಟೇಜ್ ಕೊನೆಯವರೆಗೂ ಅಲುಗದೆ ನಿಂತು ಆಮೇಲೆ ಪ್ರಪಾತಕ್ಕೆ ಬೀಳುವುದರಿಂದ ಅಲಾರಂ ನೆಚ್ಚಿಕೊಳ್ಳುವ ಹಾಗಿಲ್ಲ, ಗಡಿಯಾರ ನೋಡಿ ಹಾರಿಸಬೇಕು. ಬಿ6ರಲ್ಲಿ ಅದಕ್ಕೆ ಬೇರೆಯೇ ಮೋಡ್ ಇದೆ, ಪ್ರತಿ ಸೆಲ್ 3.6ಕ್ಕೆ ನಿಲ್ಲುತ್ತದೆ. ಅಪ್ಪಿತಪ್ಪಿ ಲಿಪೋ ಮೋಡ್ ಒತ್ತಿದರೆ 4.2ರವರೆಗೆ ತುಂಬಿಸಲು ಹೋಗುತ್ತದೆ.

ನನ್ನ ಸಲಹೆ ಸರಳ: ಎಂಟು ಬಿಳಿ ಎನೆಲೂಪ್, ಟ್ಯಾಬ್ (ಬೆಸುಗೆಗೆಂದೇ ಅಂಟಿಸಿದ ಲೋಹದ ಪಟ್ಟಿ) ಇರುವಂಥವು. ಸೆಲ್ ತಲೆಗೆ ನೇರವಾಗಿ ಸೋಲ್ಡರ್ ಹಚ್ಚಬೇಡಿ. ಪಾಸಿಟಿವ್ ಗುಂಡಿಯ ಕೆಳಗೆ ಗ್ಯಾಸ್ ಹೊರಹೋಗುವ ಕಿಂಡಿ ಮತ್ತು ಪ್ಲಾಸ್ಟಿಕ್ ಸೀಲ್ ಇದೆ, ಬಿಸಿಗೆ ಅದು ಕರಗಿದರೆ ಕೆಲವು ತಿಂಗಳಲ್ಲಿ ಬಿಳಿ ಪುಡಿ ಉಕ್ಕುತ್ತದೆ. ಟ್ಯಾಬ್ ಇರುವುದು ಸಿಗದಿದ್ದರೆ ಪವರ್ ಟೂಲ್ ಬ್ಯಾಟರಿ ರಿಪೇರಿ ಮಾಡುವ ಅಂಗಡಿಯಲ್ಲಿ ಸ್ಪಾಟ್ ವೆಲ್ಡ್ ಮಾಡಿಕೊಡುತ್ತಾರೆ. ಪ್ರತಿ ಪಾಸಿಟಿವ್ ತುದಿಗೂ ಬಾರ್ಲಿ ಪೇಪರ್ (ಶಾರ್ಟ್ ತಡೆಯುವ ಕಾಗದ) ಉಂಗುರ ಅಂಟಿಸಿ: ಸೆಲ್ಲಿನ ಡಬ್ಬಿ ಪೂರ್ತಿ ನೆಗೆಟಿವ್, ಮೇಲಿನ ಅಂಚಿನವರೆಗೂ. ನಿಕಲ್ ಪಟ್ಟಿ ಆ ಅಂಚಿನ ಮೇಲೆ ಹಾದುಹೋಗುವಲ್ಲಿ ಸಿಪ್ಪೆ ಸವೆದರೆ ಶಾರ್ಟ್. ಹಳೆ ಪ್ಯಾಕಿನ ಕನೆಕ್ಟರನ್ನೇ ಬಳಸಿ, ಆದರೆ ಎರಡೂ ವೈರ್ ಒಟ್ಟಿಗೆ ಕತ್ತರಿಸಬೇಡಿ. ಒಂದನ್ನು ಕತ್ತರಿಸಿ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಕೊನೆಗೆ ರೇಡಿಯೋಗೆ ಸಿಕ್ಕಿಸುವ ಮುಂಚೆ ಮೀಟರ್ ಹಿಡಿದು ಪ್ಲಸ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ವೈರಿನ ಬಣ್ಣವನ್ನು ನಂಬಬೇಡಿ.

ಬಿ6 ಸೆಟ್ಟಿಂಗ್ ಹೀಗೆ. ಹೊಸ ಪ್ಯಾಕಿನ ಮೊದಲ ಚಾರ್ಜ್ ನಿಧಾನ, 0.2 ಆಂಪ್‌ನಲ್ಲಿ. 14ರಿಂದ 16 ಗಂಟೆ ಹಿಡಿಯುತ್ತದೆ. 2000ಕ್ಕೆ ಹತ್ತು ಗಂಟೆ ಸಾಕಲ್ಲವೇ ಅನ್ನಿಸಬಹುದು, ಆದರೆ ಈ ವೇಗದಲ್ಲಿ ಹಾಕಿದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿಯಾಗಿ ಹೋಗುತ್ತದೆ. ಸೇಫ್ಟಿ ಟೈಮರ್ ಆಫ್ ಮಾಡಿ, ಕೆಪ್ಯಾಸಿಟಿ ಕಟ್‌ಆಫ್ 3000 ಎಂಎಎಚ್‌ಗೆ ಇಡಿ, ಆಗ 15 ಗಂಟೆಗೆ ತಾನಾಗಿ ನಿಲ್ಲುತ್ತದೆ. ಮಧ್ಯೆ ಸುಳ್ಳು ಪೀಕ್ (ತುಂಬಿತು ಅನ್ನುವ ತಪ್ಪು ಗುರುತು) ಕಂಡು ನಿಂತುಬಿಟ್ಟರೆ ಅದುವರೆಗೆ ಹೋದದ್ದನ್ನು ಕಳೆದು ಮತ್ತೆ ಶುರು ಮಾಡಿ. ಹೀಗೆ ಮಾಡುವುದರಿಂದ ಎಂಟೂ ಸೆಲ್ ಒಂದೇ ಮಟ್ಟಕ್ಕೆ ಬರುತ್ತವೆ, ಒಂದೊಂದು ಸೆಲ್ಲನ್ನೂ ಬೇರೆಬೇರೆ ಸಮ ಮಾಡಲು ನಿಕಲ್ ಪ್ಯಾಕಿಗೆ ಲಿಪೋದಂತೆ ಬ್ಯಾಲೆನ್ಸ್ ವೈರ್ ಇಲ್ಲವಲ್ಲ.

ಆಮೇಲಿನ ಚಾರ್ಜ್‌ಗಳು 0.8ರಿಂದ 1 ಆಂಪ್. ಇದಕ್ಕಿಂತ ತೀರಾ ಕಡಿಮೆ ಇಟ್ಟರೆ ತುಂಬಿದಾಗ ಕಾಣುವ ವೋಲ್ಟೇಜ್ ಇಳಿತ ಎಷ್ಟು ಸಣ್ಣದೆಂದರೆ ಚಾರ್ಜರ್‌ಗೆ ಗೊತ್ತೇ ಆಗದೆ ಮುಂದುವರಿಯುತ್ತದೆ. ಪೀಕ್ ಸೆನ್ಸಿಟಿವಿಟಿ ಸೆಲ್‌ಗೆ 5ರಿಂದ 7 ಮಿಲಿವೋಲ್ಟ್. ಕಟ್‌ಆಫ್ 2600. ಟೈಮರ್ 200 ನಿಮಿಷ. ಹಲವು ಬಿ6ಗಳಲ್ಲಿ ಟೈಮರ್ ಮೊದಲಿಂದ 120 ನಿಮಿಷಕ್ಕಿರುತ್ತದೆ, 0.8ರಲ್ಲಿ ಅಷ್ಟು ಹೊತ್ತಿಗೆ ಹೋಗುವುದು 1600 ಮಾತ್ರ. "ಬಿ6ರಲ್ಲಿ ನಿಕಲ್ ಪ್ಯಾಕ್ ತುಂಬುವುದೇ ಇಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಇದೇ.

ಕೊನೆಯ ಹತ್ತು ನಿಮಿಷ ಪ್ಯಾಕ್ ಮುಟ್ಟಿ ನೋಡಿ. ಬೆಚ್ಚಗಾದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಪೀಕ್ ತಪ್ಪಿದೆ, ಕೂಡಲೇ ನಿಲ್ಲಿಸಿ.

ಗಾಳಿಗುದುರೆ:

ಒಳ್ಳೆ ಮಾಹಿತಿ. ಆದರೆ ಮೆಮೊರಿ ಎಫೆಕ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಪ್ರತಿ ಚಾರ್ಜಿಗೂ ಮುಂಚೆ ಪ್ಯಾಕಿಗೆ ಒಂದು ಕಾರ್ ಬಲ್ಬ್ ಕಟ್ಟಿ ಪೂರ್ತಿ ಖಾಲಿ ಮಾಡಬೇಕು, ಇಲ್ಲವಾದರೆ ಅರ್ಧಕ್ಕೇ ನಿಲ್ಲುವುದನ್ನು ಕಲಿತುಬಿಡುತ್ತೆ ಅಂತ ಹಿರಿಯರು ಹೇಳುತ್ತಿದ್ದರು.

ಎಂಟು ಚಾನೆಲ್:

ಆ ಮಾತು ನಿಕ್ಯಾಡ್ (ಹಳೆ ನಿಕಲ್ ಕ್ಯಾಡ್ಮಿಯಂ ಸೆಲ್) ಕಾಲದ್ದು, ಆಗಲೂ ಪೂರ್ತಿ ನಿಜ ಅಲ್ಲ. ಹೆಚ್ಚಿನವರು ಮೆಮೊರಿ ಅಂತ ಕರೆದದ್ದು ದಿನಗಟ್ಟಲೆ ಚಾರ್ಜರ್‌ನಲ್ಲೇ ಬಿಟ್ಟು ಓವರ್‌ಚಾರ್ಜ್ ಆದ ಸೆಲ್‌ನ ವೋಲ್ಟೇಜ್ ಕುಸಿತ.

ಬಲ್ಬ್ ಕಟ್ಟೋದು ಮಾತ್ರ ದಯವಿಟ್ಟು ಬೇಡ. ಎಂಟು ಸೆಲ್ ಸೀರೀಸ್‌ನಲ್ಲಿದ್ದಾಗ ಎಲ್ಲ ಒಟ್ಟಿಗೆ ಖಾಲಿ ಆಗಲ್ಲ. ಅಶಕ್ತ ಸೆಲ್ ಮೊದಲು ಸೊನ್ನೆ ಮುಟ್ಟುತ್ತೆ, ಉಳಿದ ಏಳು ಅದರ ಮೂಲಕವೇ ಕರೆಂಟ್ ತಳ್ತಾ ಅದನ್ನ ಉಲ್ಟಾ ಚಾರ್ಜ್ ಮಾಡುತ್ತೆ. ಒಂದು ಸಲ ಹಾಗಾದ ಸೆಲ್ ಮತ್ತೆ ಮೊದಲಿನ ಹಾಗೆ ಆಗಲ್ಲ. ಪೂರ್ತಿ ಖಾಲಿ ಮಾಡೋ ಹವ್ಯಾಸವೇ ಎಷ್ಟೋ ಪ್ಯಾಕ್ ಕೊಂದಿದೆ.

ವರ್ಷಕ್ಕೆ ಎರಡು ಮೂರು ಸಲ ಕೆಪ್ಯಾಸಿಟಿ ನೋಡೋಕೆ ಡಿಸ್ಚಾರ್ಜ್ ಮಾಡಿ, ಅದು ಸರಿ. ಬಿ6ರಲ್ಲಿ 0.4 ಆಂಪ್, 8 ಸೆಲ್‌ಗೆ ಕೊನೆ 8.0 ವೋಲ್ಟ್, ಅಂದ್ರೆ ಒಂದಕ್ಕೆ 1.0. ಬಂದ ಅಂಕಿಯನ್ನ ಪ್ಯಾಕ್ ಮೇಲೆ ತಾರೀಖಿನ ಜೊತೆ ಮಾರ್ಕರ್‌ನಲ್ಲಿ ಬರೀರಿ. 2000 ಇದ್ದದ್ದು 1500ಕ್ಕೆ ಬಂದಾಗ ಟ್ರಾನ್ಸ್‌ಮಿಟರ್‌ನಿಂದ ನಿವೃತ್ತಿ, ಟಿವಿ ರಿಮೋಟಿಗೋ ಟಾರ್ಚ್‌ಗೋ ಬದಲಿ ಕೆಲಸ.

ಹಳೆ ನಿಕ್ಯಾಡ್ ಪ್ಯಾಕ್ ಇಟ್ಟುಕೊಂಡಿರೋರು ಇನ್ನೊಂದು ನೋಡಬೇಕು: ನೆಗೆಟಿವ್ ವೈರಿನ ಸಿಪ್ಪೆ ಸ್ವಲ್ಪ ಸುಲಿದು ಒಳಗಿನ ತಾಮ್ರ ನೋಡಿ. ಕಪ್ಪಗಾಗಿದ್ರೆ ಸೆಲ್ಲಿನ ಕ್ಷಾರ ವೈರಿನೊಳಗೇ ಏರಿಬಂದಿದೆ. ಆ ವೈರ್‌ಗೆ ಸೋಲ್ಡರ್ ಹಿಡಿಯಲ್ಲ, ಬಗ್ಗಿಸಿದ್ರೆ ಮುರಿಯುತ್ತೆ. ಕಪ್ಪು ಸ್ವಿಚ್‌ವರೆಗೂ ಹೋಗಿರುತ್ತೆ ಎಷ್ಟೋ ಸಲ, ಅಲ್ಲಿವರೆಗೂ ಬದಲಿಸಬೇಕು. ನಿಕ್ಯಾಡ್‌ನ ಕಸದ ಬುಟ್ಟಿಗೆ ಹಾಕಬೇಡಿ, ಒಳಗಿರೋದು ಕ್ಯಾಡ್ಮಿಯಂ. ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಶರಾವತಿ ಗ್ಲೈಡರ್:

ತುಂಬಾ ಧನ್ಯವಾದ. ಐ6 ಅಳೆದೆ. ಬೀಪ್ ಬಂದಾಗ, ಆನ್ ಇದ್ದಂತೆಯೇ: 1.21, 1.20, 0.93, 1.22. ಮೊತ್ತ 4.56. ತುದಿ ತಗಡುಗಳ ನಡುವೆ 4.18. ಅಂದರೆ ಎರಡೂ ರೋಗ ಇದೆಯೇ? ಒಂದು ಸ್ಪ್ರಿಂಗ್ ಬುಡದಲ್ಲಿ ಹಸಿರು ಬಣ್ಣದ ಪುಡಿ ಕಾಣುತ್ತಿದೆ. ಮುಂಚೆ ಯಾರೋ ಸಾದಾ ಸೆಲ್ ಹಾಕಿ ಮಳೆಗಾಲವೆಲ್ಲ ಬಿಟ್ಟಿದ್ದರಂತೆ.

ಎಂಟು ಚಾನೆಲ್:

ಹೌದು, ಎರಡೂ. ಮೂರನೇ ಸೆಲ್ ಹೋಗಿದೆ, ಜೊತೆಗೆ 0.38 ವೋಲ್ಟ್ ತುಕ್ಕಿನಲ್ಲಿ ಮುಳುಗ್ತಿದೆ. ನೋಡಿ, ಸಂಪರ್ಕ ಚೆನ್ನಾಗಿದ್ದಿದ್ರೆ ಆ ಕೆಟ್ಟ ಸೆಲ್ ಇದ್ರೂ 4.5ರ ಆಸುಪಾಸು ಇರ್ತಿತ್ತು, ಅಲಾರಂ ಇನ್ನೂ ಬರ್ತಿರಲಿಲ್ಲ. ನಾಲ್ಕೂ ಸೆಲ್ ಹೊಸದು ಹಾಕಿ ಸ್ಪ್ರಿಂಗ್ ಹಾಗೇ ಬಿಟ್ಟಿದ್ರೆ ಸ್ವಲ್ಪ ದಿನ ಸರಿ ಅನ್ನಿಸಿ ಮತ್ತೆ ಇಲ್ಲಿಗೇ ಬಂದು ಬರೀತಿದ್ರಿ.

ಒಂದೇ ಸೆಲ್ ಬದಲಿಸಬೇಡಿ, ನಾಲ್ಕೂ ಬದಲಿಸಿ, ಅವನ್ನ ಒಂದೇ ಸೆಟ್ ಅಂತ ನಂಬರ್ ಹಾಕಿ ಯಾವಾಗಲೂ ಒಟ್ಟಿಗೇ ಬಳಸಿ.

ಪುಡಿ ತೆಗೆಯೋದು: ಸೋರಿದ್ದು ಆಲ್ಕಲೈನ್ ಆದ್ರೆ ಅದು ಕ್ಷಾರ, ಹುಳಿ ಹಾಕಿದ್ರೆ ಕರಗುತ್ತೆ. ಇಯರ್‌ಬಡ್‌ನ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿ, ಹಿಂಡಿ, ಪುಡಿ ಇರೋ ಜಾಗಕ್ಕೆ ಮಾತ್ರ ಒತ್ತಿ. ಸಣ್ಣಗೆ ನೊರೆ ಬರುತ್ತೆ. ನೊರೆ ನಿಂತ ಮೇಲೆ ಹೊಸ ಬಡ್‌ನಲ್ಲಿ ನೀರು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಹುಳಿ ಅಲ್ಲೇ ಉಳಿದ್ರೆ ಅದೇ ತುಕ್ಕು ಹಿಡಿಸುತ್ತೆ, ಆದ್ದರಿಂದ ಒರೆಸೋದ್ರಲ್ಲಿ ಜಿಪುಣತನ ಬೇಡ. ರೇಡಿಯೋನ ಬೆನ್ನು ಕೆಳಗೆ ಮಾಡಿ ಹಿಡ್ಕೊಂಡು ಮಾಡಿ, ದ್ರವ ಬೋರ್ಡ್ ಕಡೆ ಹರಿಯಬಾರದು.

ಒಣಗಿದ ಮೇಲೆ 600 ನಂಬರ್ ಪಾಲಿಷ್ ಪೇಪರ್‌ನ ಸಣ್ಣ ಚೂರಿನಲ್ಲಿ ಸೆಲ್ ತಾಗೋ ತುದಿ ಮಾತ್ರ ಹೊಳೆಯೋ ಹಾಗೆ ಉಜ್ಜಿ. ಮತ್ತೆ ಸೆಲ್‌ಗಳ ಮೊತ್ತಕ್ಕೂ ತುದಿ ತಗಡಿಗೂ ಇರೋ ವ್ಯತ್ಯಾಸ ಲೆಕ್ಕ ಹಾಕಿ ನೋಡಿ. ಇನ್ನೂ 0.1ಕ್ಕಿಂತ ಹೆಚ್ಚು ನಷ್ಟ ಇದ್ರೆ ತೊಂದರೆ ಸ್ಪ್ರಿಂಗ್ ತಗಡಿಗೆ ಕೂಡೋ ಜಾಗದಲ್ಲಿ. ಅಲ್ಲಿ ಒಂದು ಹನಿ ಸೋಲ್ಡರ್ ಹಾಕಿದ್ರೆ ಸರಿಹೋಗುತ್ತೆ. 40 ವ್ಯಾಟ್ ಸೋಲ್ಡರಿಂಗ್ ಕಬ್ಬಿಣ, ಫ್ಲಕ್ಸ್ ಹಚ್ಚಿ, ಎರಡು ಸೆಕೆಂಡ್, ಇಲ್ಲಾಂದ್ರೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಸ್ಪ್ರಿಂಗ್ ವಾಲುತ್ತೆ. ಮೇಲಿನ ಲೇಪ ಪೂರ್ತಿ ಹೋಗಿ ಕಬ್ಬಿಣ ಕಂಡರೆ ಎಷ್ಟು ಉಜ್ಜಿದ್ರೂ ಮುಂದಿನ ಮಳೆಗಾಲಕ್ಕೆ ಮತ್ತೆ ತುಕ್ಕು, ತಗಡನ್ನೇ ಬದಲಿಸಿ.

ಥರ್ಮಲ್ ಹುಡುಕಾಟ:

ಇದೇ ಎಳೆಯಲ್ಲಿ ಕೇಳುತ್ತೇನೆ, ಬೇರೆ ಬೇಡ ಅಂತ. ನನ್ನದು ರೇಡಿಯೋಮಾಸ್ಟರ್ ಟಿಎಕ್ಸ್16ಎಸ್, ಎರಡು 18650 ಲಿಥಿಯಂ ಸೆಲ್ ಹಾಕುವ ಟ್ರೇ. ಯುಎಸ್‌ಬಿ-ಸಿ ಮೂಲಕವೇ ಚಾರ್ಜ್ ಮಾಡುತ್ತಿದ್ದೇನೆ. ಅಲಾರಂ ಎಷ್ಟಕ್ಕೆ ಇಡಬೇಕು? ಆನ್‌ಲೈನ್‌ನಲ್ಲಿ 9900 ಎಂಎಎಚ್ ಸೆಲ್ ಅಗ್ಗಕ್ಕೆ ಕಾಣುತ್ತಿದೆ, ತಗೊಳ್ಳಲೇ?

ಬೆಸುಗೆ ಬಿಸಿ:

9900 ಅನ್ನುವುದು ಶುದ್ಧ ಸುಳ್ಳು. ಹೆಸರಾಂತ ಕಂಪನಿಗಳ 18650ಯಲ್ಲೇ 3500ರ ಆಸುಪಾಸಿಗೆ ನಿಲ್ಲುತ್ತದೆ. ಅಡುಗೆಮನೆಯ ತಕ್ಕಡಿಗೆ ಇಟ್ಟು ನೋಡಿ, ಒಳ್ಳೆ ಸೆಲ್ 45ರಿಂದ 48 ಗ್ರಾಂ ತೂಗುತ್ತದೆ. ತೀರಾ ಹಗುರವಾಗಿದ್ದರೆ ಒಳಗೆ ಏನಿದೆಯೋ ದೇವರೇ ಬಲ್ಲ.

ಸೆಲ್ ಜೋಡಿ ಒಂದೇ ಕಂಪನಿ, ಒಂದೇ ಮಾಡೆಲ್, ಒಟ್ಟಿಗೆ ಕೊಂಡದ್ದಾಗಿರಲಿ. ಪ್ರೊಟೆಕ್ಷನ್ ಬೋರ್ಡ್ ಇರುವ ಸೆಲ್ 65 ಮಿಲಿಮೀಟರ್ ಬದಲು 69ರಷ್ಟು ಉದ್ದವಿರುತ್ತದೆ, ಟ್ರೇಯಲ್ಲಿ ತುರುಕಿದರೆ ಸ್ಪ್ರಿಂಗ್ ಸೊಟ್ಟಗಾಗುತ್ತದೆ. ಹಾಕುವ ಮುಂಚೆ ಎರಡರ ವೋಲ್ಟೇಜ್ ಅಳೆದು ಸಮ ಮಾಡಿಕೊಳ್ಳಿ, 0.03ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ಪ್ಲಸ್ ಮೈನಸ್ ಗುರುತು ಟ್ರೇಯಲ್ಲಿದೆ, ಎರಡು ಸಲ ನೋಡಿ.

ಎಡ್ಜ್‌ಟಿಎಕ್ಸ್‌ನಲ್ಲಿ (ರೇಡಿಯೋದೊಳಗಿನ ಸಾಫ್ಟ್‌ವೇರ್) ಮೊದಲು ಹಾರ್ಡ್‌ವೇರ್ ಪುಟಕ್ಕೆ ಹೋಗಿ ಬ್ಯಾಟರಿ ಕ್ಯಾಲಿಬ್ರೇಷನ್ ಮಾಡಿ: ಮೀಟರ್ ಏನು ತೋರಿಸುತ್ತದೋ ಸ್ಕ್ರೀನ್ ಅದನ್ನೇ ತೋರಿಸಬೇಕು. ಇದನ್ನು ಬಿಟ್ಟು ಅಲಾರಂ ಇಡುವುದು ಗಡಿಯಾರ ಹೊಂದಿಸದೆ ಅಲಾರಂ ಇಟ್ಟ ಹಾಗೆ. ಆಮೇಲೆ ರೇಡಿಯೋ ಸೆಟಪ್‌ನಲ್ಲಿ ರೇಂಜ್ 6.6ರಿಂದ 8.4, ಅಲಾರಂ 7.0. 18650ಗೆ 6.8 ಆದರೂ ನಡೆಯುತ್ತದೆ, ಲಿಪೋ ಪ್ಯಾಕಿಗೆ 7.0ಗಿಂತ ಕೆಳಗೆ ಬೇಡ. ಇನ್‌ಆಕ್ಟಿವಿಟಿ ಅಲಾರಂ ಆಫ್ ಮಾಡಬೇಡಿ, ಕಿರಿಕಿರಿ ಅನ್ನಿಸಿದರೂ ಸರಿ. ಬ್ಯಾಗಿನಲ್ಲಿ ಆನ್ ಆಗಿಯೇ ಉಳಿದ ರೇಡಿಯೋವನ್ನು ಕೂಗಿ ಹೇಳುವುದು ಅದೊಂದೇ.

ಯುಎಸ್‌ಬಿ ಚಾರ್ಜ್ ಸಾಕು. ಎರಡೂ ಕಡೆ ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಶುರುವಾಗದಿದ್ದರೆ ಒಂದು ಕಡೆ ದೊಡ್ಡ ಎ ಪಿನ್ ಇರುವ ಕೇಬಲ್ ಹಾಕಿ ನೋಡಿ. ಅಪರೂಪಕ್ಕೊಮ್ಮೆ ಸೆಲ್ ಹೊರತೆಗೆದು ಎರಡನ್ನೂ ಬೇರೆಬೇರೆ ಅಳೆಯಿರಿ. ಚಾರ್ಜ್ ಆದ ಮೇಲೂ ಒಂದು 4.20, ಇನ್ನೊಂದು 4.08 ಇದ್ದರೆ ಆ ಜೋಡಿಯ ಕಾಲ ಮುಗಿಯುತ್ತಾ ಬಂದಿದೆ. ಲಿಥಿಯಂ ಸೆಲ್ 2.5 ವೋಲ್ಟ್‌ಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದರೆ ಮತ್ತೆ ಎಬ್ಬಿಸಬೇಡಿ. ನಿಕಲ್ ಮೋಡ್‌ನಲ್ಲಿ ಸ್ವಲ್ಪ ಹೊತ್ತು ತಳ್ಳಿ ಆಮೇಲೆ ಲಿಪೋ ಮೋಡ್‌ಗೆ ಬದಲಿಸುವ ಉಪಾಯ ಹೇಳುವವರಿದ್ದಾರೆ. ಅಷ್ಟು ಕೆಳಗಿಳಿದಾಗ ಒಳಗೆ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಬೇಡದ ಜಾಗದಲ್ಲಿ ಹೆಪ್ಪುಗಟ್ಟಿ ಶಾರ್ಟ್ ಆಗುತ್ತದೆ. ಬೆಂಕಿ ಹತ್ತುವುದು ಅಲ್ಲಿಂದ.

ಫ್ರಸ್ಕೈ ಟಾರಾನಿಸ್ ಎಕ್ಸ್9ಡಿ, ಹಳೆಯದು, ಇರುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಅದರೊಳಗಿನ ಚಾರ್ಜರ್ 6 ಸೆಲ್ ನಿಕಲ್ ಪ್ಯಾಕಿಗೆ ಅಂತಲೇ ಮಾಡಿದ್ದು. ಒಳಗೆ 2 ಸೆಲ್ ಲಿಪೋ ಹಾಕಿ ಓಡಿಸಬಹುದು, ಆದರೆ ಜ್ಯಾಕ್ ಮೂಲಕ ಅದನ್ನು ಚಾರ್ಜ್ ಮಾಡಿದರೆ ಎಲ್ಲಿ ನಿಲ್ಲಿಸಬೇಕು ಅಂತ ಆ ಸರ್ಕೀಟಿಗೆ ತಿಳಿಯದು. ಲಿಪೋ ಹೊರಗೆ ತೆಗೆದು ಬ್ಯಾಲೆನ್ಸ್ ಚಾರ್ಜರ್‌ನಲ್ಲಿ, ಕಡಪ ಕಲ್ಲಿನ ಮೇಲಿಟ್ಟು, ನೀವು ಅದೇ ಕೋಣೆಯಲ್ಲಿ ಇರುವಾಗ. ಜ್ಯಾಕಿಗೆ ಒಂದು ಚೂರು ಟೇಪ್ ಅಂಟಿಸಿಬಿಡಿ, ಮನೆಯಲ್ಲಿ ಬೇರೆಯವರು ಒಳ್ಳೆಯದು ಮಾಡಲು ಹೋಗಿ ಚಾರ್ಜರ್ ಚುಚ್ಚದಿರಲಿ.

ಥರ್ಮಲ್ ಹುಡುಕಾಟ:

ಸರಿ ಸರ್, ಸ್ಪಷ್ಟವಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹಾರಾಟವೇ ಇಲ್ಲ. ಆಗ ಸೆಲ್ ಒಳಗೇ ಬಿಡಬಹುದೇ?

ಬೆಸುಗೆ ಬಿಸಿ:

ಬೇಡ. ಆಫ್ ಆಗಿದ್ದರೂ ಗಡಿಯಾರ ಮತ್ತು ಪವರ್ ಬಟನ್ ಸರ್ಕೀಟಿಗೆ ಅಂತ ಸ್ವಲ್ಪ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ. 18650ಯಾಗಲಿ ಲಿಪೋ ಆಗಲಿ, 3.7ರಿಂದ 3.8ರಲ್ಲಿ ಹೊರತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೊಂದು ಗೂಡಿಗೆ ಒಂದೊಂದು. ತುಂಬಿಸಿ ಇಟ್ಟರೆ ಬಿಸಿಲ ಕೋಣೆಯಲ್ಲಿ ಬೇಗ ಮುದಿಯಾಗುತ್ತದೆ. ನಿಕಲ್ ಸೆಲ್‌ಗೆ ಈ ನಿಯಮ ಇಲ್ಲ, ತುಂಬಿಸಿಯೇ ಇಡಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಟ್ರೇ ಖಾಲಿ ಇರುವಾಗ ರೇಡಿಯೋವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಮಲೆನಾಡಿನ ತೇವಕ್ಕೆ ಸ್ಪ್ರಿಂಗ್ ಮಾತ್ರವಲ್ಲ, ಸ್ಟಿಕ್ ಒಳಗಿನ ಸ್ಪ್ರಿಂಗ್, ಸ್ವಿಚ್ ಕಾಲು ಎಲ್ಲಕ್ಕೂ ತುಕ್ಕು ಬರುತ್ತದೆ.

ಶರಾವತಿ ಗ್ಲೈಡರ್:

ವಿನೆಗರ್, ಪಾಲಿಷ್ ಪೇಪರ್ ಆಯಿತು. ಅವೇ ಹಳೆ ಸೆಲ್ ಇಟ್ಟು ನೋಡಿದರೆ ಮೊತ್ತಕ್ಕೂ ತಗಡಿಗೂ ಈಗ ವ್ಯತ್ಯಾಸ 0.06. ಎನೆಲೂಪ್ ಹನ್ನೆರಡು ಆರ್ಡರ್ ಮಾಡಿದ್ದೇನೆ, ನಾಲ್ಕು ಐ6ಗೆ, ಎಂಟು ಡಿಎಕ್ಸ್7ಗೆ. ಟ್ಯಾಬ್ ಇರುವುದು ಸಿಗಲಿಲ್ಲ, ಸ್ಪಾಟ್ ವೆಲ್ಡ್ ಮಾಡಿಸಬೇಕು. ಪ್ಯಾಕನ್ನು 4ರಂತೆ ಎರಡು ಸಾಲು ಜೋಡಿಸುವುದೋ, ಉದ್ದಕ್ಕೋ?

ಬೆಸುಗೆ ಬಿಸಿ:

ಹಳೆ ಪ್ಯಾಕ್ ಹೇಗಿದೆಯೋ ಹಾಗೆಯೇ, ಅದರ ಫೋಟೋ ಮತ್ತು ಅಳತೆ ಅಂಗಡಿಗೆ ಒಯ್ಯಿರಿ. ವೈರ್ ಹೊರಡುವ ಮೂಲೆ ಯಾವುದು ಅಂತ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಕನೆಕ್ಟರ್ ಮುಟ್ಟಲು ವೈರ್ ಗಿಡ್ಡವಾಗುತ್ತದೆ. ಮೇಲಿನ ಶ್ರಿಂಕ್ (ಪ್ಯಾಕಿನ ಪ್ಲಾಸ್ಟಿಕ್ ಹೊದಿಕೆ) ಹಾಕಿಸುವ ಮುಂಚೆ ಎಂಟೂ ಸೆಲ್‌ನ ವೋಲ್ಟೇಜ್ ನೀವೇ ಒಮ್ಮೆ ಅಳೆದು ನೋಡಿ. ಹಾಕಿದ ಮೇಲೆ ಮುಳ್ಳು ತಾಗಿಸಲು ಜಾಗ ಇರುವುದಿಲ್ಲ.